ಆನ್‌ಫೀಲ್ಡ್ ಸ್ಟೇಡಿಯಂ ಟೂರ್: ಕ್ಲಾಪ್ ಹೋದ ಮೇಲೂ ಹೋಗಬಹುದಾ?

ಆನ್‌ಫೀಲ್ಡ್ ಅಂದರೆ ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ಬಿನ ಮೈದಾನ. ಆ ತಂಡದ ಮ್ಯಾನೇಜರ್ ಆಗಿದ್ದ ಕ್ಲಾಪ್ 2024ರಲ್ಲಿ ಬಿಟ್ಟುಹೋದ. ಆಮೇಲೂ ಅಲ್ಲಿಗೆ ಹೋಗಬಹುದು. ಆದರೆ ಟಿಕೆಟ್ ಮಾರುವವರು ಹೇಳುವ ಕಾರಣಕ್ಕಲ್ಲ. ಅವರು ಮುಂದಿಟ್ಟು ತೋರಿಸುವುದು ಆರು ಯುರೋಪಿಯನ್ ಕಪ್‌ಗಳನ್ನು, ಆಟಗಾರರ ಡ್ರೆಸ್ಸಿಂಗ್ ರೂಮನ್ನು, ಮೈದಾನಕ್ಕೆ ಇಳಿಯುವ ದಾರಿಯ ಮೇಲಿನ ‘ದಿಸ್ ಈಸ್ ಆನ್‌ಫೀಲ್ಡ್’ ಫಲಕವನ್ನು. ಅವೆಲ್ಲ ಇವೆ, ಚೆನ್ನಾಗಿಯೇ ಇವೆ. ನನ್ನ ದುಡ್ಡು ವಸೂಲಾದದ್ದು ಮಾತ್ರ ಬೇರೆ ಕಡೆ. ತನಗೆ ಬೇಕಾದ ಮನುಷ್ಯನನ್ನು ಮರ್ಯಾದೆಯಿಂದ ಕಳಿಸಿಕೊಡುವುದನ್ನು ಕಲಿಯಲು ಈ ಕ್ಲಬ್ಬಿಗೆ ಐವತ್ತು ವರ್ಷ ಹಿಡಿಯಿತು. ಆ ಕಥೆ ಈ ಕಟ್ಟಡದ ಒಳಗೂ ಹೊರಗೂ ಚೂರುಚೂರಾಗಿ ಬಿದ್ದಿದೆ. ಅದನ್ನು ಯಾರೂ ಜೋಡಿಸಿ ಕೊಡುವುದಿಲ್ಲ, ನಾವೇ ಹೆಕ್ಕಿಕೊಳ್ಳಬೇಕು.

ನನ್ನ ಬಗ್ಗೆ ಇಷ್ಟು. ಊರು ಮೈಸೂರು, ಈಗ ಇರುವುದು ಲಿವರ್‌ಪೂಲಿಗೆ ರೈಲಿನಲ್ಲಿ ಹೋಗಿಬರಬಹುದಾದ ಒಂದು ಊರಿನಲ್ಲಿ, ಕೆಲಸ ಆಸ್ಪತ್ರೆಯ ಫಾರ್ಮಸಿಯಲ್ಲಿ. 2005ರಲ್ಲಿ ಲಿವರ್‌ಪೂಲ್ ಇಸ್ತಾಂಬುಲ್‌ನಲ್ಲಿ ಆಡಿ ಗೆದ್ದ ಯುರೋಪಿಯನ್ ಕಪ್ ಫೈನಲ್ಲನ್ನು ಹಾಸ್ಟೆಲ್ಲಿನ ಟಿವಿಯಲ್ಲಿ ನಡುರಾತ್ರಿ, ವಾಲ್ಯೂಮ್ ಪೂರ್ತಿ ಇಳಿಸಿ ನೋಡಿದವಳು. ಮಿಲಾನ್ ಮೂರು ಗೋಲು ಹೊಡೆದಾಗ ರೂಮ್‌ಮೇಟ್ ಮಲಗಿಬಿಟ್ಟಳು, ನಾನು ಮಲಗಲಿಲ್ಲ. ಅಲ್ಲಿಂದ ಶುರುವಾದದ್ದು ಇನ್ನೂ ಬಿಟ್ಟಿಲ್ಲ. ಈ ಟೂರನ್ನು ಒಮ್ಮೆ ಕ್ಲಾಪ್ ಇದ್ದಾಗ ಮಾಡಿದ್ದೆ. ಮತ್ತೊಮ್ಮೆ ಹೋದದ್ದು ಅವನು ಹೊರಟುಹೋದ ಮೇಲೆ, ಊರಿಂದ ಬಂದಿದ್ದ ಅಪ್ಪನನ್ನು ಕರೆದುಕೊಂಡು. ಅಪ್ಪ ನಿವೃತ್ತ ಹೈಸ್ಕೂಲ್ ಹೆಡ್‌ಮಾಸ್ಟರ್. ಫುಟ್‌ಬಾಲ್ ಬಗ್ಗೆ ಅವರಿಗೆ ಯಾವ ಅಭಿಪ್ರಾಯವೂ ಇರಲಿಲ್ಲ. ಮನೆಗೆ ಬರುವಷ್ಟರಲ್ಲಿ ಬೇಕಾದಷ್ಟು ಇದ್ದವು.

ಮೊದಲು ಟೂರಿನ ವಿವರ. ಆನ್‌ಲೈನಿನಲ್ಲಿ ಮುಂಗಡ ಬುಕ್ ಮಾಡಬೇಕು, ಶಾಲೆಗಳಿಗೆ ರಜೆ ಇರುವ ದಿನಗಳಲ್ಲಿ ಬೇಗ ತುಂಬಿಬಿಡುತ್ತದೆ. ದರ ಆಗಾಗ ಬದಲಾಗುತ್ತದೆ, ಕ್ಲಬ್ಬಿನ ವೆಬ್‌ಸೈಟಿನಲ್ಲೇ ನೋಡಿಕೊಳ್ಳಿ. ರೂಪಾಯಿಗೆ ಪರಿವರ್ತಿಸಿ ನೋಡುವ ಅಭ್ಯಾಸ ಇದ್ದರೆ ಆ ದಿನ ಬಿಟ್ಟುಬಿಡಿ. ಕೈಗೊಂದು ಆಡಿಯೊ ಯಂತ್ರ ಕೊಡುತ್ತಾರೆ. ಹಲವು ಭಾಷೆಗಳಿವೆ, ಕನ್ನಡವಂತೂ ಇಲ್ಲ. ಅದಕ್ಕಿಂತ ಮುಖ್ಯವಾಗಿ ಅಲ್ಲಲ್ಲಿ ಗೈಡ್‌ಗಳು ನಿಂತಿರುತ್ತಾರೆ. ಯಂತ್ರವನ್ನು ಕುತ್ತಿಗೆಗೆ ನೇತುಹಾಕಿಕೊಂಡು ಅವರನ್ನು ಮಾತಿಗೆಳೆಯಿರಿ. ಯಂತ್ರಕ್ಕೆ ಗೊತ್ತಿರುವುದು ಗೆದ್ದ ಕಥೆ, ಗೈಡ್‌ಗಳಿಗೆ ಸೋತ ಕಥೆಗಳೂ ಗೊತ್ತು. ಒಂದೇ ಕಷ್ಟವೆಂದರೆ ಅವರ ಸ್ಕೌಸ್, ಅಂದರೆ ಲಿವರ್‌ಪೂಲಿನ ಉಚ್ಚಾರಣೆ. ಮೂವತ್ತೈದು ವರ್ಷ ಇಂಗ್ಲಿಷ್ ವ್ಯಾಕರಣ ಪಾಠ ಮಾಡಿದ ನಮ್ಮಪ್ಪ ಹತ್ತು ನಿಮಿಷ ಕೇಳಿ, “ಇದು ಯಾವ ಭಾಷೇನಮ್ಮಾ?” ಅಂದರು.

ಟೂರ್ ಶುರುವಾಗುವುದು ಮೇನ್ ಸ್ಟ್ಯಾಂಡಿನ ನೆತ್ತಿಯಲ್ಲಿ. 2016ರಲ್ಲಿ ದೊಡ್ಡದು ಮಾಡಿ ಕಟ್ಟಿದ ಭಾಗ ಇದು, ಅದರಿಂದ ಸುಮಾರು ಎಂಟೂವರೆ ಸಾವಿರ ಸೀಟು ಹೆಚ್ಚಾಯಿತು. ಆಮೇಲೆ ಆನ್‌ಫೀಲ್ಡ್ ರೋಡ್ ಕಡೆಯನ್ನೂ ಎತ್ತರಿಸಿದರು, ಈಗ ಒಟ್ಟು 61 ಸಾವಿರ ಜನ ಹಿಡಿಯುತ್ತದೆ. ಮೇಲಿಂದ ನೋಡಿದರೆ ಸ್ಟ್ಯಾನ್ಲಿ ಪಾರ್ಕಿನ ಹಸಿರು, ಅದರಾಚೆ ಎವರ್ಟನ್‌ನವರ ಹಳೆಯ ಮನೆ ಗುಡಿಸನ್ ಪಾರ್ಕ್. ಒಂದು ಉದ್ಯಾನದ ಆಚೆಗೊಂದು ಈಚೆಗೊಂದು ಕ್ಲಬ್ಬು, ನೂರಕ್ಕೂ ಹೆಚ್ಚು ವರ್ಷದ ಜಗಳ. ಬಲಗಡೆ ಕಟ್ಟಾ ಅಭಿಮಾನಿಗಳು ಕೂರುವ ಕಾಪ್ ಸ್ಟ್ಯಾಂಡು. ಟಿವಿಯಲ್ಲಿ ನೋಡಿದವರಿಗೆ ಅದು ಖಾಲಿ ಇದ್ದಾಗ ಇಷ್ಟೇನಾ ಅನಿಸುತ್ತದೆ. ನನಗೂ ಅನಿಸಿತು. ಜನ ಇಲ್ಲದಿದ್ದರೆ ಅದು ಬರೀ ಕೆಂಪು ಕುರ್ಚಿಗಳ ಇಳಿಜಾರು.

ಕ್ಲಾಪ್ ಮಾಡಿದ ಕೆಲಸ ಅರ್ಥವಾಗಬೇಕಾದರೆ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಅವನು ಬಂದದ್ದು 2015ರ ಅಕ್ಟೋಬರಿನಲ್ಲಿ. ಮೊದಲ ಪತ್ರಿಕಾಗೋಷ್ಠಿಯಲ್ಲೇ ಅನುಮಾನದವರು ನಂಬುವವರಾಗಬೇಕು ಅಂದ. ಆಟಗಾರರಿಗಲ್ಲ, ಇಲ್ಲಿ ಕೂರುವವರಿಗೆ ಹೇಳಿದ್ದು. ಮುಂದಿನ ತಿಂಗಳು ಕ್ರಿಸ್ಟಲ್ ಪ್ಯಾಲೇಸ್ ಎದುರು 82ನೇ ನಿಮಿಷದಲ್ಲಿ ಗೋಲು ಬಿದ್ದಾಗ ಜನ ಎದ್ದು ಹೊರಟರು. ಆಟ ಮುಗಿಯಲು ಇನ್ನೂ ಹೊತ್ತಿದೆ, ತಿರುಗಿ ನೋಡಿದರೆ ನಾನೊಬ್ಬನೇ ಇದ್ದೇನೆ ಅನಿಸಿತು ಎಂದು ಅವನು ಬಹಿರಂಗವಾಗಿಯೇ ಹೇಳಿದ. ಟಿಕೆಟಿಗೆ ದುಡ್ಡು ಕೊಟ್ಟವರಿಗೆ ಹೀಗೆ ಹೇಳುವ ಧೈರ್ಯ ಎಷ್ಟು ಜನಕ್ಕಿದೆ? ಡಿಸೆಂಬರಿನಲ್ಲಿ ವೆಸ್ಟ್ ಬ್ರಾಮ್ ಜೊತೆ ಕೊನೇ ಗಳಿಗೆಯಲ್ಲಿ ಒರಿಗಿ ಗೋಲು ಹೊಡೆದು 2-2 ಆದಾಗ, ತಂಡದವರನ್ನೆಲ್ಲ ಕೈಕೈ ಹಿಡಿಸಿ ಕಾಪ್ ಮುಂದೆ ನಿಲ್ಲಿಸಿ ನಮಸ್ಕಾರ ಮಾಡಿಸಿದ. ಇಂಗ್ಲೆಂಡಿನವರೆಲ್ಲ ನಕ್ಕರು, ಡ್ರಾ ಆದದ್ದಕ್ಕೆ ಇಷ್ಟು ಸಂಭ್ರಮವಾ ಎಂದು. ನಕ್ಕವರು ಆಮೇಲೆ ಇದೇ ಮೈದಾನಕ್ಕೆ ಬಂದು ಸೋತು ಹೋದರು. 2017ರ ಏಪ್ರಿಲಿನಿಂದ 2021ರ ಜನವರಿಯವರೆಗೆ ಲೀಗಿನಲ್ಲಿ ಸತತ 68 ಪಂದ್ಯ ಇಲ್ಲಿ ಲಿವರ್‌ಪೂಲ್ ಸೋಲಲಿಲ್ಲ. ಕೊನೆಗೆ ಬರ್ನ್‌ಲಿ ಬಂದು ಸೋಲಿಸಿದಾಗ ಕೋವಿಡ್ ಕಾಲ, ಮೈದಾನ ಖಾಲಿ. ಇದನ್ನು ಕಾಕತಾಳೀಯ ಅನ್ನುವವರು ಅನ್ನಲಿ.

ಮೇಲಿಂದ ಇಳಿಯುತ್ತಾ ಹೋದರೆ ಡ್ರೆಸ್ಸಿಂಗ್ ರೂಮ್. ಒಬ್ಬೊಬ್ಬರ ಜಾಗದಲ್ಲಿ ಅವರವರ ಜೆರ್ಸಿ ತೂಗುಹಾಕಿರುತ್ತಾರೆ, ನಾವು ಹೋದಾಗ ಜನ ಸಾಲಾಗಿ ನಿಂತು ಸಲಾ ಜೆರ್ಸಿಯ ಕೆಳಗೆ ಕೂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಇಲ್ಲಿ ನಾನು ಹೆಚ್ಚು ಹೊತ್ತು ಇರಲಿಲ್ಲ. ಸುರಂಗದ ದಾರಿ ಬೇರೆ ಕಥೆ. ಆ ಫಲಕ ಹಳೆಯ ಮ್ಯಾನೇಜರ್ ಬಿಲ್ ಶ್ಯಾಂಕ್ಲಿಯವರ ಕಾಲದ್ದು, ಎದುರಾಳಿಗಳಿಗೆ ಎದೆ ನಡುಗಲಿ ಎಂದು ಹಾಕಿಸಿದ್ದು. ಹೊರಗೆ ಹೋಗುವಾಗ ಮುಟ್ಟಿ ಹೋಗುವುದು ಲಿವರ್‌ಪೂಲ್ ಆಟಗಾರರ ಪದ್ಧತಿಯಾಗಿತ್ತು. ಕ್ಲಾಪ್ ಬಂದವನೇ, ಏನಾದರೂ ಗೆಲ್ಲುವವರೆಗೆ ಯಾರೂ ಮುಟ್ಟಬೇಡಿ ಎಂದ. 2016ರಲ್ಲಿ ಲೀಗ್ ಕಪ್ ಫೈನಲ್ ಸೋತರು, ಬಾಸೆಲ್‌ನಲ್ಲಿ ಯುರೋಪಾ ಲೀಗ್ ಫೈನಲ್ ಸೋತರು, 2018ರಲ್ಲಿ ಕೀವ್‌ನಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಸೋತರು. ಮುಟ್ಟಲಿಲ್ಲ. 2019ರಲ್ಲಿ ಮ್ಯಾಡ್ರಿಡ್‌ನಲ್ಲಿ ಟಾಟನಮ್ ಅನ್ನು ಸೋಲಿಸಿ ಯುರೋಪ್ ಗೆದ್ದ ಮೇಲೆ ಮುಟ್ಟಿದರು. ನಮ್ಮ ಗುಂಪಿನಲ್ಲಿದ್ದ ಮಕ್ಕಳೆಲ್ಲ ಹಾರಿ ಹಾರಿ ಮುಟ್ಟಿದರು. ಅಪ್ಪ ಕತ್ತೆತ್ತಿ ಓದಿ, ಕೈ ಹಿಂದೆ ಕಟ್ಟಿಕೊಂಡೇ ಮುಂದೆ ನಡೆದರು. “ನಾನೇನು ಗೆದ್ದಿಲ್ಲವಲ್ಲ” ಅಂದರು.

ಹೊರಗೆ ಬಂದರೆ ಡಗ್‌ಔಟ್. ಕೂರಲು ಬಿಡುತ್ತಾರೆ. ಇಡೀ ಟೂರಿನಲ್ಲಿ ಒಂದೇ ಕಡೆ ಸಮಯ ಕಳೆಯಬಹುದು ಎಂದರೆ ನಾನು ಇಲ್ಲಿ ಕಳೆಯುತ್ತೇನೆ. ಕಣ್ಣಿನ ಮಟ್ಟದಲ್ಲಿ ಹುಲ್ಲು, ಎದುರಿಗೆ ಕೆನ್ನಿ ಡಾಲ್‌ಗ್ಲಿಷ್ ಹೆಸರಿನ ಸ್ಟ್ಯಾಂಡು, ಬಲಕ್ಕೆ ಕಾಪ್. ಆ ಕಡೆಯ ಮೂಲೆಯಿಂದಲೇ 2019ರ ಮೇ 7ರಂದು, ಬಾರ್ಸಿಲೋನಾ ವಿರುದ್ಧದ ಯುರೋಪಿಯನ್ ಸೆಮಿಫೈನಲಿನಲ್ಲಿ, ನಮ್ಮ ಟ್ರೆಂಟ್ ಹೊರಟವನ ಹಾಗೆ ನಟಿಸಿ, ತಿರುಗಿ ಬಂದು ಕಾರ್ನರ್ ಹೊಡೆದದ್ದು. ಬಾರ್ಸಿಲೋನಾದವರು ಇನ್ನೂ ನೆಲ ನೋಡುತ್ತಿದ್ದರು, ಒರಿಗಿ ಒಳಗೆ ತಳ್ಳಿದ. ಮೊದಲ ಲೆಗ್‌ನಲ್ಲಿ 3-0 ಸೋತು ಬಂದವರು 4-0 ಗೆದ್ದರು. ನಮ್ಮ ಗೈಡ್, ಎಪ್ಪತ್ತರ ಆಸುಪಾಸಿನ ಸಣಕಲು ಮನುಷ್ಯ, ಆ ರಾತ್ರಿ ತಾನು ಎಲ್ಲಿ ಕೂತಿದ್ದೆ ಎಂದು ಬೆರಳು ತೋರಿಸಿದ. ಪಂದ್ಯದ ಬಗ್ಗೆ ಅವನು ಏನೂ ಹೇಳಲಿಲ್ಲ. ಮುಗಿದ ಮೇಲೆ ತಂಡದವರೆಲ್ಲ ಸಾಲಾಗಿ ನಿಂತು ಜನರ ಜೊತೆ ಕ್ಲಬ್ಬಿನ ಹಾಡು ಹಾಡಿದ್ದನ್ನು ಮಾತ್ರ ಹೇಳಿದ. ಪಕ್ಕದಲ್ಲಿದ್ದ ನಾರ್ವೆಯ ದಂಪತಿ ಮಾತಿಲ್ಲದೆ ತಲೆಯಾಡಿಸಿದರು.

ಕ್ಲಾಪ್ ಇದ್ದಾಗ ಈ ಟೂರಿಗೆ ಬಂದಿದ್ದಾಗ ಜನ ಈ ಸೀಟಿನಲ್ಲಿ ಕೂತು ಅವನನ್ನು ಅಣಕಿಸುತ್ತಿದ್ದರು. ಹಲ್ಲು ಕಿರಿದು, ಕನ್ನಡಕ ಸರಿಮಾಡಿ, ಕಾಪ್ ಕಡೆ ಮುಷ್ಟಿ ಬೀಸುತ್ತಿದ್ದರು. ಈ ಸಲ ಯಾರೂ ಹಾಗೆ ಮಾಡಲಿಲ್ಲ. ಕೂತು ಸುಮ್ಮನೆ ಮೈದಾನ ನೋಡಿ ಎದ್ದರು. ಇದನ್ನು ಟೂರಿನ ಗುಣ ಅನ್ನಬೇಕೋ ದೋಷ ಅನ್ನಬೇಕೋ ತಿಳಿಯದು, ಬಂದವರ ಮನಸ್ಸು ಅಷ್ಟೇ.

ಅವನು ಹೊರಡುತ್ತೇನೆ ಎಂದದ್ದು 2024ರ ಜನವರಿ 26, ಶುಕ್ರವಾರ ಬೆಳಿಗ್ಗೆ. ನಾವು ವಾರ್ಡುಗಳಿಗೆ ಕಳಿಸುವ ಔಷಧಿ ಜೋಡಿಸುತ್ತಿದ್ದೆವು. ಬೂಟಲ್ ಕಡೆಯ ಒಬ್ಬ ಸಹೋದ್ಯೋಗಿ ಇದ್ದಾನೆ, ಅವನ ಕುಟುಂಬದಲ್ಲಿ ಸೀಸನ್ ಟಿಕೆಟ್ ಅಜ್ಜನಿಂದ ಮೊಮ್ಮಗನಿಗೆ ಬಂದ ಆಸ್ತಿ. ಫೋನ್ ನೋಡಿದವನೇ ಟ್ರೇ ಕೆಳಗಿಟ್ಟು ಹೊರಗೆ ಹೋದ. ಯಾರದೋ ಮನೆಯಲ್ಲಿ ಏನೋ ಆಗಿದೆ ಅಂದುಕೊಂಡೆವು. ಕ್ಲಬ್ಬು ಹಾಕಿದ್ದ ವಿಡಿಯೊದಲ್ಲಿ ಕ್ಲಾಪ್ ಸಾವಧಾನವಾಗಿ ಹೇಳುತ್ತಿದ್ದ: ಈ ಊರಿನ ಎಲ್ಲವೂ ನನಗೆ ಇಷ್ಟ, ಆದರೆ ನನ್ನ ಶಕ್ತಿ ಮುಗಿಯುತ್ತಾ ಬಂದಿದೆ. ಕ್ಲಬ್ಬಿನವರಿಗೆ ನವೆಂಬರಿನಲ್ಲೇ ತಿಳಿಸಿದ್ದನಂತೆ. ಕರಾರು 2026ರವರೆಗೆ ಇತ್ತು. ತಂಡ ಆಗ ಲೀಗಿನಲ್ಲಿ ಮೊದಲ ಸ್ಥಾನದಲ್ಲಿತ್ತು. ಗೆಲ್ಲುತ್ತಿರುವಾಗ, ಯಾರೂ ಹೋಗು ಅನ್ನದಿರುವಾಗ, ನನಗೆ ಆಗುತ್ತಿಲ್ಲ ಎಂದು ಒಬ್ಬ ಗಂಡಸು ಕ್ಯಾಮೆರಾ ಮುಂದೆ ಹೇಳಿದ್ದನ್ನು ನಮ್ಮ ಆಸ್ಪತ್ರೆಯಲ್ಲಿ ಫುಟ್‌ಬಾಲ್ ಗೊತ್ತಿಲ್ಲದ ನರ್ಸುಗಳೂ ದಿನವಿಡೀ ಮಾತಾಡಿಕೊಂಡರು. ಕೋವಿಡ್ ದಾಟಿ ಬಂದವರಿಗೆ ಆ ಮಾತು ಹೊಸದೇನಲ್ಲ. ಜೋರಾಗಿ ಹೇಳಿದವರು ಕಡಿಮೆ.

ಎಲ್ಲರೂ ಒಪ್ಪಿದರು ಅಂತಲ್ಲ. ಮೊದಲೇ ಹೇಳಿದ್ದರಿಂದಲೇ ಆ ವರ್ಷ ಕೈತಪ್ಪಿತು ಎಂದು ಬೂಟಲ್‌ನವನು ಇವತ್ತಿಗೂ ವಾದಿಸುತ್ತಾನೆ. ಫೆಬ್ರವರಿಯಲ್ಲಿ ಹುಡುಗರನ್ನು ಕಟ್ಟಿಕೊಂಡು ಚೆಲ್ಸಿ ಎದುರು ಲೀಗ್ ಕಪ್ ಗೆದ್ದರು, ಹೆಚ್ಚುವರಿ ಸಮಯದಲ್ಲಿ ವಾನ್ ಡೈಕ್ ತಲೆಯಿಂದ ಹೊಡೆದ ಒಂದೇ ಗೋಲು. ಆಮೇಲೆ ಇಳಿಜಾರು. ಎಫ್‌ಎ ಕಪ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ 4-3, ಆನ್‌ಫೀಲ್ಡಿನಲ್ಲೇ ಅಟಲಾಂಟಾಗೆ 3-0, ಪ್ಯಾಲೇಸ್‌ಗೆ 1-0, ಗುಡಿಸನ್‌ನಲ್ಲಿ ಎವರ್ಟನ್‌ಗೆ 2-0. ವೆಸ್ಟ್ ಹ್ಯಾಮ್‌ನಲ್ಲಿ ಗೆರೆಯಂಚಿನಲ್ಲೇ ಸಲಾ ಜೊತೆ ಮಾತಿನ ಚಕಮಕಿ. ಕೊನೆಗೆ 82 ಪಾಯಿಂಟ್, ಮೂರನೇ ಸ್ಥಾನ. ಹೋಗುವವನು ಹೋಗುತ್ತೇನೆ ಎಂದ ಮೇಲೆ ಮನೆ ಸಡಿಲವಾಗುತ್ತದೆ ಅನ್ನುವುದು ಅವನ ವಾದ. ನನ್ನ ವಾದ ಬೇರೆ: ಆ ನಾಲ್ಕು ತಿಂಗಳು ನಮಗೆ ಬೇಕಿತ್ತು. ಕಪ್ ಒಂದು ಕಡಿಮೆಯಾದರೂ ಆಗಲಿ.

ಇದು ಯಾಕೆ ಮುಖ್ಯ ಎಂದು ಅಪ್ಪನಿಗೆ ಗೊತ್ತಾದದ್ದು ಶ್ಯಾಂಕ್ಲಿ ಕಥೆ ಕೇಳಿದಾಗ. ಟೂರ್ ಮುಗಿಸಿ ಹೊರಬಂದರೆ ಕಾಪ್ ಹಿಂದೆ ಬಿಲ್ ಶ್ಯಾಂಕ್ಲಿಯವರ ಕಂಚಿನ ಪ್ರತಿಮೆ ಇದೆ, 1997ರಲ್ಲಿ ಇಟ್ಟದ್ದು, ಎರಡೂ ಕೈ ಚಾಚಿ ನಿಂತಿದ್ದಾರೆ. ಇದಕ್ಕೆ ಟಿಕೆಟ್ ಬೇಡ. ಎರಡನೇ ಡಿವಿಷನ್‌ನಲ್ಲಿ ಬಿದ್ದಿದ್ದ ಕ್ಲಬ್ಬನ್ನು 1959ರಲ್ಲಿ ಕೈಗೆ ತಗೊಂಡು ಮೂರು ಲೀಗ್, ಎರಡು ಎಫ್‌ಎ ಕಪ್, ಒಂದು ಯುಇಎಫ್‌ಎ ಕಪ್ ಗೆದ್ದುಕೊಟ್ಟವರು. 1974ರ ಮೇ ತಿಂಗಳಲ್ಲಿ ನ್ಯೂಕ್ಯಾಸಲ್ ಅನ್ನು 3-0 ಸೋಲಿಸಿ ಎಫ್‌ಎ ಕಪ್ ಎತ್ತಿದರು, ಜುಲೈ 12ರಂದು ಏಕಾಏಕಿ ರಾಜೀನಾಮೆ ಕೊಟ್ಟರು. ಊರು ನಂಬಲಿಲ್ಲ. ಇಲ್ಲಿಯವರೆಗೆ ಎಲ್ಲ ಯಂತ್ರವೇ ಹೇಳುವ ಕಥೆ. ಮುಂದಿನದನ್ನು ಗೈಡ್ ಹೇಳಿದ.

ಬಿಟ್ಟ ಮೇಲೆ ಶ್ಯಾಂಕ್ಲಿಯವರಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಬೆಳಿಗ್ಗೆ ಎದ್ದು ತರಬೇತಿ ನಡೆಯುವ ಮೆಲ್‌ವುಡ್‌ಗೆ ಹೋಗಿಬಿಡುತ್ತಿದ್ದರು. ಆಟಗಾರರು ಅಭ್ಯಾಸಬಲದಿಂದ ಅವರನ್ನೇ ಬಾಸ್ ಎಂದು ಕರೆಯುತ್ತಿದ್ದರು, ಪಕ್ಕದಲ್ಲೇ ಹೊಸ ಮ್ಯಾನೇಜರ್ ಬಾಬ್ ಪೈಸ್ಲಿ ನಿಂತಿರುತ್ತಿದ್ದರು. ಇಬ್ಬರಿಗೂ ಮುಜುಗರ. ಬರಬೇಡಿ ಎಂಬ ಸೂಚನೆ ಒಂದಲ್ಲ ಒಂದು ರೀತಿಯಲ್ಲಿ ತಲುಪಿತು. ನೊಂದುಕೊಂಡ ಮುದುಕ ಎವರ್ಟನ್‌ನವರ ತರಬೇತಿ ಮೈದಾನಕ್ಕೆ ಹೋಗತೊಡಗಿದರು, ಅಲ್ಲಿ ಆದರದಿಂದ ಕರೆದರು. 1981ರಲ್ಲಿ ತೀರಿಕೊಂಡರು. ಮರುವರ್ಷ ಅವರ ಹೆಸರಿನ ಗೇಟು ಬಂತು, ಆಮೇಲೆ ಪ್ರತಿಮೆ.

ಅಪ್ಪ ಪ್ರತಿಮೆ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ, “ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೊ ತೆಗೆಸಿ ಕಳಿಸ್ತಾರಲ್ಲ, ಆ ಬೀಳ್ಕೊಡುಗೆ ಸಮಾರಂಭ ಹೋಗೋನಿಗಲ್ಲಮ್ಮ. ಉಳಿಯೋರಿಗೆ. ಇನ್ನು ಈ ಕುರ್ಚಿ ಇವನದಲ್ಲ ಅಂತ ನಾಲ್ಕು ಜನರ ಮುಂದೆ ಗೊತ್ತಾಗಬೇಕು” ಅಂದರು. ಅವರ ಶಾಲೆಯಲ್ಲೂ ಒಬ್ಬ ಹಳೇ ಮೇಷ್ಟ್ರು ನಿವೃತ್ತಿಯಾದ ಮಾರನೇ ವಾರದಿಂದ ಸ್ಟಾಫ್‌ರೂಮಿಗೆ ಬಂದು ಕೂರುತ್ತಿದ್ದರಂತೆ. ಯಾರೂ ಏನೂ ಹೇಳಲಿಲ್ಲವಂತೆ. ಅವರ ಕುರ್ಚಿಯಲ್ಲಿ ಬೇರೆಯವರು ಕೂರತೊಡಗಿದರಂತೆ, ಅಷ್ಟೇ.

ನಮ್ಮಪ್ಪ ಫುಟ್‌ಬಾಲ್ ಬಗ್ಗೆ ಹೇಳಿದ ಮೊದಲ ಮಾತು ಇದು, ನಾನು ಕೇಳಿದ ವಿಶ್ಲೇಷಣೆಗಳಲ್ಲಿ ಒಳ್ಳೆಯದು ಕೂಡ. 2024ರ ಮೇ 19ರಂದು ನಡೆದದ್ದು ನಿಖರವಾಗಿ ಅದೇ. ವುಲ್ಫ್ಸ್ ವಿರುದ್ಧ 2-0, ಮ್ಯಾಕ್ ಅಲಿಸ್ಟರ್ ಮತ್ತು ಕ್ವಾನ್ಸಾ ಗೋಲು. ಪಂದ್ಯ ಯಾರಿಗೂ ಬೇಕಿರಲಿಲ್ಲ. ಮುಗಿದ ಮೇಲೆ ಕೈಯಲ್ಲಿ ಮೈಕ್ ಹಿಡಿದು ನಿಂತ ಕ್ಲಾಪ್ ತನ್ನ ಬಗ್ಗೆ ಹೆಚ್ಚು ಹೇಳಿಕೊಳ್ಳಲಿಲ್ಲ. ಬರುವವನನ್ನು ನನ್ನನ್ನು ಕರೆದುಕೊಂಡ ಹಾಗೇ ಕರೆದುಕೊಳ್ಳಿ ಎಂದ, ಎಂದವನೇ ಆರ್ನೆ ಸ್ಲಾಟ್ ಹೆಸರನ್ನು ರಾಗವಾಗಿ ಹಾಡಲು ಶುರುಮಾಡಿದ. ಇನ್ನೂ ಒಂದು ದಿನ ಕೆಲಸ ಮಾಡದ, ಆ ಹೊತ್ತಿನಲ್ಲಿ ನೆದರ್‌ಲ್ಯಾಂಡ್ಸ್‌ನ ಫೆಯೆನೂರ್ಡ್ ಕ್ಲಬ್ಬಿನ ಮ್ಯಾನೇಜರ್ ಆಗಿದ್ದವನ ಹೆಸರನ್ನು ಇಡೀ ಮೈದಾನ ಹಾಡಿತು. ಕುರ್ಚಿಯನ್ನು ತನ್ನ ಕೈಯಿಂದಲೇ ಎತ್ತಿ ಇನ್ನೊಬ್ಬನಿಗೆ ಕೊಟ್ಟು, ಕೊನೆಗೊಮ್ಮೆ ಕಾಪ್ ಕಡೆ ಮುಷ್ಟಿ ಬೀಸಿ ಹೋದ. ಶ್ಯಾಂಕ್ಲಿಯವರಿಗೆ ಇದು ಸಿಗಲಿಲ್ಲ. 1991ರಲ್ಲಿ ಎವರ್ಟನ್ ಜೊತೆ 4-4 ಆದ ಎರಡು ದಿನಕ್ಕೆ ಬಿಟ್ಟುಹೋದ ಆಗಿನ ಮ್ಯಾನೇಜರ್ ಡಾಲ್‌ಗ್ಲಿಷ್‌ಗೂ ಸಿಗಲಿಲ್ಲ. ಆತನಿಗೂ ಆಗಿದ್ದು ಸುಸ್ತೇ. 1989ರಲ್ಲಿ ಹಿಲ್ಸ್‌ಬರೋ ಮೈದಾನದಲ್ಲಿ ಲಿವರ್‌ಪೂಲ್ ಅಭಿಮಾನಿಗಳು ಜನಸಂದಣಿಯಲ್ಲಿ ಸಿಕ್ಕಿ ಸತ್ತ ದುರಂತದ ನಂತರ ಒಂದಾದ ಮೇಲೊಂದು ಅಂತ್ಯಕ್ರಿಯೆಗೆ ಹೋಗಿ ಹೋಗಿ ಒಳಗೇ ಕುಸಿದಿದ್ದ. ಆ ಕಾಲದಲ್ಲಿ ಅದನ್ನು ಹೇಳುವ ರೂಢಿ ಇರಲಿಲ್ಲ. ಮೇನ್ ಸ್ಟ್ಯಾಂಡಿನ ಪಕ್ಕದಲ್ಲಿ ಆ ದುರಂತದಲ್ಲಿ ಸತ್ತ 97 ಜನರ ಹೆಸರು ಕೆತ್ತಿದ ಸ್ಮಾರಕ ಇದೆ. ಅಲ್ಲಿ ಫೋಟೊ ತೆಗೆಯುವ ಮೊದಲು ಒಂದು ಕ್ಷಣ ಸುತ್ತ ನೋಡಿ, ಪಕ್ಕದಲ್ಲಿ ನಿಂತವರು ಮನೆಯವರೇ ಆಗಿರಬಹುದು.

ಬೆಂಗಳೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ಆ ಕೊನೇ ಪಂದ್ಯವನ್ನು ಪಬ್ಬೊಂದರಲ್ಲಿ ಕೆಂಪು ಜೆರ್ಸಿಗಳ ನಡುವೆ ಕೂತು ನೋಡಿದ, ಅಲ್ಲಿ ಆಗ ಭಾನುವಾರ ರಾತ್ರಿ ಎಂಟೂವರೆ. ಸಾಮಾನ್ಯವಾಗಿ ಸೀಟಿ ಬಿದ್ದ ತಕ್ಷಣ ಬಿಲ್ ಕೇಳುವ ಜನ ಅವತ್ತು ಕದಲಲಿಲ್ಲವಂತೆ. ಅವನ ಕೊರಗು ಬೇರೆ. ಮೂವತ್ತು ವರ್ಷ ಕಾದ ಲೀಗ್ ಪ್ರಶಸ್ತಿ 2020ರಲ್ಲಿ 99 ಪಾಯಿಂಟಿನೊಂದಿಗೆ ಬಂದಾಗ ಕೋವಿಡ್. ಜುಲೈ ತಿಂಗಳಲ್ಲಿ ಖಾಲಿ ಕಾಪ್ ಮೇಲೆ ವೇದಿಕೆ ಕಟ್ಟಿ ಕಪ್ ಎತ್ತಿದರು, ಇವನು ವಿಜಯನಗರದ ಮನೆಯಲ್ಲಿ ಒಬ್ಬನೇ ಕೂತು ನೋಡಿದ. ಅದಕ್ಕೂ ಹಿಂದಿನ ವರ್ಷ 97 ಪಾಯಿಂಟ್ ತಗೊಂಡೂ ಮ್ಯಾಂಚೆಸ್ಟರ್ ಸಿಟಿಗಿಂತ ಒಂದೇ ಪಾಯಿಂಟಿನಿಂದ ಎರಡನೆಯವರಾಗಿದ್ದರು. ಕ್ಲಾಪ್‌ಗೆ ತುಂಬಿದ ಆನ್‌ಫೀಲ್ಡಿನಲ್ಲಿ ಲೀಗ್ ಪ್ರಶಸ್ತಿ ಎತ್ತಲಿಕ್ಕೆ ಆಗಲೇ ಇಲ್ಲ. ಅದು ಸ್ಲಾಟ್ ಪಾಲಿಗೆ ಬಂತು: 2025ರ ಏಪ್ರಿಲ್ 27ರಂದು ಟಾಟನಮ್‌ಗೆ 5-1 ಹೊಡೆದು, ಮೇ 25ರಂದು ಕಪ್ ಎತ್ತಿ. ಬಹುಪಾಲು ಕ್ಲಾಪ್ ಬಿಟ್ಟುಹೋದ ತಂಡವೇ. 2024ರ ಬೇಸಿಗೆಯಲ್ಲಿ ಹೊಸದಾಗಿ ಬಂದು ಸೇರಿದವನು ಕಿಯೇಸಾ ಒಬ್ಬ. ಕಪ್ ಎತ್ತಿದ ದಿನ ಕ್ಲಾಪ್ ಸ್ಟ್ಯಾಂಡಿನಲ್ಲಿ ಪ್ರೇಕ್ಷಕನಾಗಿ ಇದ್ದ. ಮೆಲ್‌ವುಡ್‌ನಲ್ಲಿ ಆದ ಮುಜುಗರ ಇಲ್ಲಿ ಆಗಲಿಲ್ಲ. ಜನ ಇಬ್ಬರಿಗೂ ಚಪ್ಪಾಳೆ ಹೊಡೆದರು.

ಎವರ್ಟನ್ ಬೆಂಬಲಿಸುವ ಸಹೋದ್ಯೋಗಿಯೊಬ್ಬಳ ಮಾತನ್ನೂ ಬರೆಯದಿದ್ದರೆ ವಿಮರ್ಶೆ ಪಕ್ಷಪಾತವಾಗುತ್ತದೆ. ಶಕ್ತಿ ಮುಗೀತು ಅಂದವನು ವರ್ಷ ತುಂಬುವುದರೊಳಗೆ ಎನರ್ಜಿ ಡ್ರಿಂಕ್ ಕಂಪನಿಗೆ ಸೇರಿದ ಎಂದು ಅವಳು ಊಟದ ಹೊತ್ತಿನಲ್ಲಿ ದಿನಾ ನೆನಪಿಸುತ್ತಿದ್ದಳು. ನಿಜ. 2024ರ ಅಕ್ಟೋಬರಿನಲ್ಲಿ ರೆಡ್‌ಬುಲ್‌ನ ಫುಟ್‌ಬಾಲ್ ಮುಖ್ಯಸ್ಥನಾಗುತ್ತೇನೆ ಎಂದು ಪ್ರಕಟಿಸಿ, 2025ರ ಜನವರಿಯಿಂದ ಕೆಲಸ ಶುರುಮಾಡಿದ. ಅವನ ಹಳೇ ಊರುಗಳಾದ ಮೈಂಟ್ಸ್, ಡಾರ್ಟ್‌ಮುಂಡ್‌ನವರು ಸಿಟ್ಟಾದರು. ಜರ್ಮನಿಯಲ್ಲಿ ರೆಡ್‌ಬುಲ್ ದುಡ್ಡಿನ ಮೇಲೆ ಹಳೆಯ ಕೋಪ ಇದೆ. ಲಿವರ್‌ಪೂಲಿನವರು ಅಷ್ಟೊಂದು ತಲೆಕೆಡಿಸಿಕೊಳ್ಳಲಿಲ್ಲ. ನನಗೆ ಸ್ವಲ್ಪ ಚುರುಕ್ ಅಂದಿತು. ವಾರಕ್ಕೆರಡು ಪಂದ್ಯದ ಒತ್ತಡ ಬೇರೆ, ಕಚೇರಿ ಕೆಲಸ ಬೇರೆ ಎಂದು ಸಮಾಧಾನ ಮಾಡಿಕೊಂಡೆ. ಅವಳು ಸಮಾಧಾನ ಆಗಲು ಬಿಡಲಿಲ್ಲ.

ಇನ್ನು ಮ್ಯೂಸಿಯಂ. ಟಿಕೆಟಿನಲ್ಲೇ ಸೇರಿದೆ. ಆರು ಯುರೋಪಿಯನ್ ಕಪ್ ಒಟ್ಟಿಗೆ ನೋಡಿದಾಗ ಮೈ ಜುಮ್ಮೆನ್ನುತ್ತದೆ, ಸುಳ್ಳು ಹೇಳುವುದಿಲ್ಲ. ಇಸ್ತಾಂಬುಲ್ ಭಾಗದಲ್ಲಿ ನಾನು ಹಾಸ್ಟೆಲ್ ಹುಡುಗಿಯಾಗಿಬಿಟ್ಟೆ, ಅಪ್ಪ ಬೆಂಚು ಹುಡುಕಿಕೊಂಡರು. ನನ್ನ ತಕರಾರು ಎಲ್ಲ ದೊಡ್ಡ ಕ್ಲಬ್ಬುಗಳ ಮ್ಯೂಸಿಯಂಗೂ ಸಲ್ಲುವಂಥದ್ದು. ಕಥೆ ಗೆಲುವಿನಿಂದ ಗೆಲುವಿಗೆ ಹಾರುತ್ತದೆ. ಕ್ಲಾಪ್ ಕಥೆಯನ್ನು ಕಪ್‌ಗಳಲ್ಲಿ ಎಣಿಸಿದರೆ ಅದು ಸಣ್ಣದಾಗುತ್ತದೆ. ಮ್ಯಾಂಚೆಸ್ಟರ್ ಸಿಟಿಯನ್ನು ನಡೆಸಿದ ಗಾರ್ಡಿಯೋಲಾ ಅವನಿಗಿಂತ ಎಷ್ಟೋ ಹೆಚ್ಚು ಗೆದ್ದಿದ್ದಾನೆ. 97 ಪಾಯಿಂಟ್ ತಗೊಂಡು ಎರಡನೆಯವರಾದ ವರ್ಷಕ್ಕೆ ಯಾವ ಗಾಜಿನ ಪೆಟ್ಟಿಗೆಯೂ ಸಾಲದು. 2022ರಲ್ಲಿ ಪ್ಯಾರಿಸ್‌ನಲ್ಲಿ ಫೈನಲ್ ಸೋತ ಮಾರನೇ ದಿನ ಲೀಗ್ ಕಪ್ ಮತ್ತು ಎಫ್‌ಎ ಕಪ್ ಹಿಡಿದು ತೆರೆದ ಬಸ್ಸಿನಲ್ಲಿ ಬಂದವರನ್ನು ನೋಡಲು ಊರಿಗೆ ಊರೇ ರಸ್ತೆಗೆ ಬಂದಿತ್ತಲ್ಲ, ಅದನ್ನು ಹೇಗೆ ಇಡುತ್ತೀರಿ? ಹಾಗಾಗಿ ಮ್ಯೂಸಿಯಂ ಅನ್ನು ಮೊದಲು ಮುಗಿಸಿ, ಟೂರನ್ನು ಆಮೇಲೆ ಇಟ್ಟುಕೊಳ್ಳಿ. ಗೈಡ್‌ಗಳ ಮಾತು ಕೊನೆಗೆ ಕೇಳಿದರೆ ರುಚಿ.

ಅಂಗಡಿ ದೊಡ್ಡದಿದೆ, ಜೇಬು ಭದ್ರ. ಕಪ್ ಪಕ್ಕದಲ್ಲಿ ನಿಂತು ತೆಗೆಸಿಕೊಳ್ಳುವ ಫೋಟೊಕ್ಕೆ ಬೇರೆ ದುಡ್ಡು. ನಾನು ತಗೊಳ್ಳಲಿಲ್ಲ, ಅಪ್ಪ ತಗೊಂಡರು, ಈಗ ಅದು ಮೈಸೂರಿನ ಮನೆಯ ಶೋಕೇಸಿನಲ್ಲಿದೆ. ಹಸಿವಾದರೆ ಕ್ರೀಡಾಂಗಣದ ಒಳಗೆ ತಿನ್ನುವ ಬದಲು ಕಾಪ್ ಎದುರು ಓಕ್‌ಫೀಲ್ಡ್ ರಸ್ತೆಯಲ್ಲಿರುವ ಹೋಮ್‌ಬೇಕ್ಡ್‌ಗೆ ಹೋಗಿ. ಮುಚ್ಚಿಹೋಗಿದ್ದ ಹಳೇ ಬೇಕರಿಯನ್ನು ಅಲ್ಲಿನ ಜನರೇ ಸಹಕಾರಿ ಸಂಘ ಮಾಡಿಕೊಂಡು ನಡೆಸುತ್ತಿದ್ದಾರೆ. ಪೈಗಳಿಗೆ ಹೆಸರುವಾಸಿ. ತರಕಾರಿ ಹಾಕಿದ್ದು ಇದೆಯಾ ಎಂದು ಕೇಳಿ ತಗೊಳ್ಳಿ. ಅಪ್ಪನಿಗೆ ಖಾರ ಸಾಲಲಿಲ್ಲ, ನನಗೆ ಸರಿಹೋಯಿತು.

ಹೋಗುವ ದಾರಿ: ಲೈಮ್ ಸ್ಟ್ರೀಟ್ ರೈಲು ನಿಲ್ದಾಣದಿಂದ ಹೊರಬಂದು ಕ್ವೀನ್ ಸ್ಕ್ವೇರ್‌ನಲ್ಲಿ 17ನೇ ನಂಬರ್ ಬಸ್ಸು. ಮಂಡಿ ನೋವಿರುವವರಿಗೆ ಲಿಫ್ಟ್ ವ್ಯವಸ್ಥೆ ಇದೆ, ಬುಕ್ ಮಾಡುವಾಗಲೇ ತಿಳಿಸಿ. ಪಂದ್ಯದ ದಿನ ಮಾಮೂಲಿ ಟೂರ್ ಇರುವುದಿಲ್ಲ, ಆದ್ದರಿಂದ ವೀಸಾ ಮಾಡಿಸುವಾಗಲೇ ಪಂದ್ಯಪಟ್ಟಿ ಒಮ್ಮೆ ನೋಡಿ. ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಅಪ್ಪ ನಾಲ್ಕೂವರೆ ಅಂದರು, ಗೈಡ್‌ಗೆ ಇನ್ನೂ ಅರ್ಧ ಗಂಟೆ ಮಾತಾಡಲು ಬಿಟ್ಟಿದ್ದರೆ ಐದು ಕೊಡುತ್ತಿದ್ದರಂತೆ.